ಡಬ್ಬಿ ಕಾಡಿನಲ್ಲಿ, ಬೀಗದ ಕೈ ಯಾರಲ್ಲಿ?

ಹೋದ ಬೇಸಿಗೆಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಭಾನುವಾರ ಹತ್ತು ವರ್ಷದ ಮೊಮ್ಮಗ, "ಅಜ್ಜಿ, ಶೂ ಹಾಕ್ಕೋ, ಕಾಡಲ್ಲಿ ಡಬ್ಬಿ ಹುಡುಕೋಣ" ಅಂದ. ಫೋನಿನ ನಕ್ಷೆ ಹಿಡಿದು ಅರ್ಧ ಗಂಟೆ ಸುತ್ತಿದ ಮೇಲೆ, ಬಿದ್ದ ಮರದ ಬೇರಿನಡಿಯಿಂದ ಉಪ್ಪಿನಕಾಯಿ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ತೆಗೆದ. ಒಳಗೆ ಪುಟ್ಟ ಪುಸ್ತಕ, ಪೆನ್ಸಿಲ್, ಎರಡು ಗೋಲಿ. ಹೆಸರು, ತಾರೀಖು ಬರೆದೆವು. ಒಂದು ಗೋಲಿ ತೆಗೆದುಕೊಂಡು, ಬದಲಿಗೆ ನನ್ನ ಪರ್ಸಿನ ಎರಡು ರೂಪಾಯಿ ನಾಣ್ಯ ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಮುಚ್ಚಿಟ್ಟು ಬಂದೆವು. ಇದಕ್ಕೆ ಜಿಯೋಕ್ಯಾಚಿಂಗ್ ಅಂತಾರೆ.

ಮುಂದಿನ ಡಬ್ಬಿ ಇನ್ನೂರು ಹೆಜ್ಜೆ ದೂರದಲ್ಲೇ ಇತ್ತು. ಆದರೆ ಫೋನಿನಲ್ಲಿ ಅದರ ಗುರುತು ಬೂದುಬಣ್ಣ. "ಅದಕ್ಕೆ ದುಡ್ಡು ಕಟ್ಟಬೇಕು ಅಜ್ಜಿ" ಅಂದ, ಮುಖ ಸಣ್ಣದು ಮಾಡಿಕೊಂಡು. ಡಬ್ಬಿ ಇಟ್ಟವರು ಯಾರೋ, ಹುಡುಕುವ ಕಾಲು ನಮ್ಮದು, ಮಧ್ಯೆ ದುಡ್ಡು ಯಾರಿಗೆ? ಆ ವಾರವೆಲ್ಲ ಅಳಿಯನ ತಲೆ ತಿಂದು ತಿಳಿದುಕೊಂಡದ್ದು ಇದು.

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ, ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕೆಂದೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮೇ 3ರಂದೇ ಡೇವ್ ಅಲ್ಮರ್ ಎಂಬಾತ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ತಿರ ಒಂದು ಬಕೆಟ್ ಬಚ್ಚಿಟ್ಟು, ಅಕ್ಷಾಂಶ ರೇಖಾಂಶ ಬರೆದು ಹಾಕಿದ. ಅದೇ ಸೆಪ್ಟೆಂಬರ್‌ನಲ್ಲಿ ಜಿಯೋಕ್ಯಾಚಿಂಗ್ ಡಾಟ್ ಕಾಮ್ ಶುರುವಾಯಿತು. ಇವತ್ತಿಗೂ ಇದೇ ಎಲ್ಲಕ್ಕಿಂತ ದೊಡ್ಡದು. ನಡೆಸುವುದು ಸಿಯಾಟಲ್‌ನ ಒಂದು ಕಂಪನಿ. ಬಿಟ್ಟಿ ಸದಸ್ಯರಿಗೆ ಅದರ ಆ್ಯಪ್‌ನಲ್ಲಿ ಸುಲಭದ ಡಬ್ಬಿಗಳಷ್ಟೇ ತೆರೆಯುತ್ತವೆ. ಕೆಲವನ್ನು ಇಟ್ಟವರೇ ಚಂದಾದಾರರಿಗೆ ಮಾತ್ರ ಅಂತ ಮೀಸಲಿಟ್ಟಿರುತ್ತಾರೆ. ಸುಮ್ಮನೆ ಬೈಯುವಂತಿಲ್ಲ ಬಿಡಿ. ಪ್ರತಿ ಹೊಸ ಡಬ್ಬಿಯನ್ನೂ ಸ್ವಯಂಸೇವಕರು ಪರಿಶೀಲಿಸಿ ಪ್ರಕಟಿಸುತ್ತಾರೆ. ಎರಡು ಡಬ್ಬಿಗಳ ನಡುವೆ ಸಾಮಾನ್ಯವಾಗಿ 161 ಮೀಟರ್ ಅಂತರ ಇರಲೇಬೇಕು.

ಜರ್ಮನ್ನರಿಗೆ ಇನ್ನೊಂದು ದಾರಿಯಿದೆ, 2005ರಲ್ಲಿ ಹುಟ್ಟಿದ ಓಪನ್‌ಕ್ಯಾಚಿಂಗ್ ಡಾಟ್ ಡಿಇ. ಸ್ವಯಂಸೇವಕರೇ ನಡೆಸುತ್ತಾರೆ. ಚಂದಾ ಇಲ್ಲ, ಬೂದುಬಣ್ಣವೂ ಇಲ್ಲ. ಪೋಲೆಂಡ್, ನೆದರ್ಲೆಂಡ್ಸ್, ಅಮೆರಿಕಗಳಲ್ಲೂ ಇದೇ ಹೆಸರಿನ ತಾಣಗಳಿವೆ. ಆದರೆ ಒಂದೊಂದೂ ಬೇರೆ ಬೇರೆ ಒಲೆಯ ಸಂಸಾರ, ಖಾತೆಯೂ ಬೇರೆ ಬೇರೆ ತೆರೆಯಬೇಕು. 2004ರಲ್ಲಿ ಬಂದ ಟೆರ್ರಾಕ್ಯಾಚಿಂಗ್ ಎಂಬ ತಾಣದಲ್ಲಂತೂ ಸೇರಲು ಇಬ್ಬರು ಹಳೆ ಸದಸ್ಯರ ಶಿಫಾರಸು ಬೇಕು, ನಮ್ಮ ಸೊಸೈಟಿ ಸಾಲಕ್ಕೆ ಜಾಮೀನು ಕೇಳಿದ ಹಾಗೆ! ಡಬ್ಬಿಯ ಗುಣಮಟ್ಟ ಕಾಯುವುದು ಅದರ ಉದ್ದೇಶ. ಮನೆಮಂದಿಗೆ ಅದು ದೂರವೇ.

"ಹಾಗಾದ್ರೆ ಬಿಟ್ಟಿ ತಾಣವೇ ಸಾಕಲ್ಲ?" ಅಂತ ನಾನು. ಮರುದಿನವೇ ಓಪನ್‌ಕ್ಯಾಚಿಂಗ್‌ನಲ್ಲಿ ಮಾತ್ರ ಇದ್ದ ಒಂದು ಡಬ್ಬಿ ಹುಡುಕಿ ಹೊರಟೆವು. ಸಿಕ್ಕಿತು, ಆದರೆ ಮುಚ್ಚಳ ಒಡೆದಿತ್ತು, ಪುಸ್ತಕ ನೆನೆದ ಹಪ್ಪಳದಂತಾಗಿತ್ತು. ಕೊನೆಯ ಸಹಿ ಎರಡು ವರ್ಷ ಹಿಂದಿನದು. ಜನ ಬಾರದ ಕಡೆ ಡಬ್ಬಿಯೂ ಬಡವಾಗುತ್ತದೆ. ದೊಡ್ಡ ತಾಣದ ಬಲ ಇರುವುದು ಇಲ್ಲೇ. ಹೋಗುವವರು ಹೆಚ್ಚು, ಡಬ್ಬಿ ಹಾಳಾದರೆ ಸುದ್ದಿ ಬೇಗ ಮುಟ್ಟುತ್ತದೆ.

ದೊಡ್ಡವರ ನೆರಳೂ ಶಾಶ್ವತವಲ್ಲ ಅನ್ನಿ. ಜಿಪಿಎಸ್ ಉಪಕರಣ ಮಾಡುವ ಗಾರ್ಮಿನ್ ಕಂಪನಿ 2010ರ ಡಿಸೆಂಬರ್‌ನಲ್ಲಿ ಓಪನ್‌ಕ್ಯಾಚಿಂಗ್ ಡಾಟ್ ಕಾಮ್ ಅಂತ ತನ್ನದೇ ತಾಣ ತೆರೆದಿತ್ತು. ಹೆಸರು ಒಂದೇ ಥರ, ಆದರೆ ಈ ಸ್ವಯಂಸೇವಕರ ಬಳಗಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ಉಚಿತ ಅಂದರು. 2015ರಲ್ಲಿ ಮುಚ್ಚಿದರು. ಬೇರೆಲ್ಲೂ ನಮೂದಾಗದ ಡಬ್ಬಿ ಮರದ ಪೊಟರೆಯಲ್ಲೇ ಉಳಿಯಿತು ಅಂದುಕೊಳ್ಳಿ, ಅದನ್ನು ಇನ್ನು ಹುಡುಕುವವರು ಯಾರು?

ಮಕ್ಕಳಿರುವ ಮನೆಯವರಿಗೆ ನನ್ನ ಮಾತು ಇಷ್ಟೆ. ಮೊದಲು ದೊಡ್ಡ ತಾಣದ ಬಿಟ್ಟಿ ಸದಸ್ಯತ್ವದಲ್ಲಿ ಆಡಿ. ಆ್ಯಪ್ ತೋರಿಸದ ಎಷ್ಟೋ ಡಬ್ಬಿಗಳನ್ನು ಅದರ ಜಾಲತಾಣ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿದ್ದರೆ ಸಿ:ಜಿಯೋ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ಎರಡೂ ಕಡೆಯ ಡಬ್ಬಿಗಳು ಒಂದೇ ನಕ್ಷೆಯಲ್ಲಿ ಕಾಣುತ್ತವೆ. ರುಚಿ ಹತ್ತಿದ ಮೇಲೆ ಚಂದಾ ಯೋಚನೆ. ನಮ್ಮ ಬೆಂಗಳೂರಿನಲ್ಲೂ ಡಬ್ಬಿಗಳಿವೆ, ದೊಡ್ಡ ತಾಣದಲ್ಲಿ ನೋಡಿ. ಹೊಸದಾಗಿ ಇಡುವುದಾದರೆ ಮಾತ್ರ ಹುಷಾರು. ರೈಲು ನಿಲ್ದಾಣ, ಕಚೇರಿಗಳ ಹತ್ತಿರ ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬಂದಾರು!

ನಾನು ಊರಿಗೆ ಹೊರಡುವ ವಾರ ಮೊಮ್ಮಗ ತನ್ನದೇ ಡಬ್ಬಿ ತಯಾರು ಮಾಡಿದ. ಜಾಗದವರ ಒಪ್ಪಿಗೆ ಕೇಳಿ ಬಂದದ್ದು ಅಳಿಯ. ಎರಡೂ ತಾಣಗಳಲ್ಲಿ ಹಾಕು, ಒಂದು ಮುಚ್ಚಿದರೆ ಇನ್ನೊಂದಿರುತ್ತೆ ಅಂದೆ. ಪುಸ್ತಕದ ಮೊದಲ ಪುಟದಲ್ಲಿ ನನ್ನ ಹೆಸರನ್ನು ಕನ್ನಡದಲ್ಲೇ ಬರೆಸಿಕೊಂಡ. ಅದನ್ನು ಓದಬಲ್ಲವರು ಇನ್ನೂ ಯಾರೂ ಬಂದಿಲ್ಲವಂತೆ.