ಡಿಶ್ ಕೂರಿಸೋದು ನಮ್ಮಿಂದಲೂ ಆಗುತ್ತದೆ



ಸಂಘದ ಸಾಲದ ಅರ್ಜಿಯಲ್ಲಿ 'ಟಿವಿ ರೀಚಾರ್ಜಿಗೆ' ಅಂತ ಯಾರೂ ಬರೆಸುವುದಿಲ್ಲ. ಆದರೆ ಮನೆಯ ತಿಂಗಳ ಖರ್ಚನ್ನು ಬರೆಯಲು ಕೂತರೆ ಅದು ಹೊರಗೆ ಬಂದೇ ಬರುತ್ತದೆ. ವಾರದ ಉಳಿತಾಯ ಕಟ್ಟಲು ಕಷ್ಟಪಡುವ ಮನೆಯಲ್ಲೂ ರೀಚಾರ್ಜ್ ಮಾತ್ರ ತಪ್ಪುವುದಿಲ್ಲ. ಅದರ ಮೇಲೆ ಗಾಳಿಮಳೆಗೆ ಡಿಶ್ ಒಂದಿಷ್ಟು ತಿರುಗಿತೆಂದರೆ ಸರಿ ಮಾಡಲು ಬರುವವರ ಚಾರ್ಜು ಬೇರೆ. ಆದ್ದರಿಂದ ಈ ಸಲ ತಿಂಗಳ ಹಣವಿಲ್ಲದ ಡಿಶ್ ಬಗ್ಗೆ, ಅದನ್ನು ನಾವೇ ಕೂರಿಸುವ ಬಗ್ಗೆ ಬರೆಯುತ್ತಿದ್ದೇವೆ.

ದೂರದರ್ಶನದವರು 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರು ಮಾಡಿದ್ದನ್ನು ಈಗ ಡಿಡಿ ಫ್ರೀ ಡಿಶ್ ಎನ್ನುತ್ತಾರೆ. ಡಿಶ್, ಬಾಕ್ಸ್, ಕೇಬಲ್‌ಗೆ ಒಮ್ಮೆ ಹಣ ಹಾಕಿದರೆ ಮುಗಿಯಿತು. ಇದಕ್ಕೆ ತಿಂಗಳ ಬಾಡಿಗೆ ಕೊಡಬೇಕು ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಚಂದನ ವಾಹಿನಿ ಇದರಲ್ಲಿದೆ. ಖಾಸಗಿಯವರು ಹರಾಜಿನಲ್ಲಿ ಜಾಗ ಪಡೆದು ಬರುತ್ತಾರೆ, ಹಾಗಾಗಿ ಅವರ ಪಟ್ಟಿ ಬದಲಾಗುತ್ತಲೇ ಇರುತ್ತದೆ. ನೀವು ದಿನಾ ನೋಡುವ ಧಾರಾವಾಹಿ ಇದರಲ್ಲಿ ಸಿಗದೆ ಹೋಗಬಹುದು. ಮೊದಲು ಫ್ರೀ ಡಿಶ್ ಇರುವ ಮನೆಯಲ್ಲಿ ಒಂದು ಸಂಜೆ ಕೂತು ನೋಡಿ, ಆಮೇಲೆ ಹಣ ಹಾಕಿ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಬಾಕ್ಸನ್ನೇ ಕೇಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಎಲ್ಲಾ ಚಾನೆಲ್ ಬರುವುದಿಲ್ಲ.

ಈಗ ಡಿಶ್ ಯಾವ ಕಡೆ ನೋಡಬೇಕು? ಫ್ರೀ ಡಿಶ್ ಬರುವುದು 2015ರ ನವೆಂಬರ್‌ನಲ್ಲಿ ಹಾರಿಸಿದ ಜಿಸ್ಯಾಟ್-15 ಉಪಗ್ರಹದಿಂದ. ಅದು ಅಂಡಮಾನ್ ನಿಕೋಬಾರ್‌ಗಿಂತಲೂ ಕೆಳಗೆ, ಭೂಮಧ್ಯ ರೇಖೆಯ ನೇರ ಮೇಲೆ, 93.5 ಡಿಗ್ರಿ ಪೂರ್ವದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇದೆ. ಭೂಮಿ ತಿರುಗುವಷ್ಟೇ ವೇಗದಲ್ಲಿ ಅದೂ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತ ಹಾಗೆ. ನಮ್ಮ ರಾಜ್ಯದಿಂದ ನೋಡಿದರೆ ಅದು ಆಗ್ನೇಯ ದಿಕ್ಕು, ಅಂದ್ರೆ ವಾಸ್ತು ನೋಡುವವರು ಅಡುಗೆಮನೆ ಇರಲಿ ಅನ್ನುವ ಮೂಲೆ. ಮಂಗಳೂರಿನ ಕಡೆ ಆ ಮೂಲೆಯಿಂದ ಸ್ವಲ್ಪ ಪೂರ್ವಕ್ಕೆ, ಕಲಬುರಗಿಯಲ್ಲಿ ಸರಿಯಾಗಿ ಮೂಲೆಗೆ.

ಇನ್ನು ಎತ್ತರ. ಮಂಗಳೂರಿಗೆ ಸುಮಾರು 64 ಡಿಗ್ರಿ, ಬೆಂಗಳೂರಿಗೆ 66, ಕಲಬುರಗಿಗೆ 62. ನೆಲ 0, ನೆತ್ತಿ 90 ಎಂದು ಲೆಕ್ಕ ಹಾಕಿದರೆ ಉಪಗ್ರಹ ಎಷ್ಟು ಮೇಲಿದೆ ಎಂದು ತಿಳಿಯುತ್ತದೆ. ಆದರೆ ಡಿಶ್ ಅಷ್ಟು ಮೇಲೆ ನೋಡುವ ಹಾಗೆ ಕಾಣುವುದಿಲ್ಲ. ಮನೆಯ ಡಿಶ್‌ಗಳ ಆಕಾರವೇ ಹಾಗೆ, ಮುಖ ಕೆಳಗಿದ್ದಂತೆ ಕಂಡರೂ ನೋಟ ಮೇಲಿರುತ್ತದೆ. ಕಣ್ಣಂದಾಜನ್ನು ನಂಬಬೇಡಿ, ಹಿಂದಿನ ಕ್ಲಾಂಪಿನ ಮೇಲೆ ಕೊರೆದ ಅಂಕಿಯನ್ನು ನೋಡಿ.

ಇದರಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಸಿಗ್ನಲ್ ಇಷ್ಟು ಮೇಲಿನಿಂದ ಬರುವುದರಿಂದ ಡಿಶ್ ಮಾಡಿನ ಮೇಲೇ ಇರಬೇಕೆಂದಿಲ್ಲ! ಅಂಗಳದಲ್ಲಿ ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸಿದರೂ ಅಷ್ಟೇ ಚೆನ್ನಾಗಿ ಬರುತ್ತದೆ. ಪಾಚಿ ಹಿಡಿದ ಹಂಚಿನ ಮೇಲೆ ಹತ್ತುವ ಕೆಲಸ ಬೇಡ. ಆಗ್ನೇಯಕ್ಕೆ ಮರ ಅಡ್ಡ ಇರಬಾರದು, ಅಷ್ಟೇ. ಮರ ಡಿಶ್‌ಗಿಂತ ಎಷ್ಟು ಎತ್ತರವೋ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರ ಇದ್ದರೆ ಸಾಕು. ಡಿಶ್‌ನಿಂದ 40 ಅಡಿ ಮೇಲಕ್ಕೆ ಹೋದ ತೆಂಗಿನಮರ 25 ಅಡಿ ಆಚೆ ಇರಲಿ. ಅಳೆಯುವುದು ಬುಡದಿಂದ ಅಲ್ಲ, ಈಚೆ ಚಾಚಿದ ಗರಿಯ ತುದಿಯಿಂದ. ಕರೆಂಟು ತಂತಿ ಹಾದುಹೋಗುವ ಕಡೆ ಮಾತ್ರ ಕಂಬ ನಿಲ್ಲಿಸಲೇಬೇಡಿ.

ಕಂಬ ನೆಟ್ಟಗಿರಬೇಕು. ದಾರಕ್ಕೆ ಕಲ್ಲು ಕಟ್ಟಿ ಎರಡು ಕಡೆಯಿಂದ ಹಿಡಿದು ನೋಡಿ. ಕಂಬ ವಾಲಿದ್ದರೆ ಡಿಶ್ ಅಕ್ಕಪಕ್ಕ ತಿರುಗಿಸಿದಾಗ ಮೇಲೆ-ಕೆಳಗೂ ಬದಲಾಗಿ ತಲೆ ಕೆಡುತ್ತದೆ. ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಕು, ಆದರೆ ಕಬ್ಬಿಣದ ಕಂಬದಿಂದ ನಾಲ್ಕೈದು ಅಡಿ ದೂರ ನಿಂತು ನೋಡಿ.

ಪಕ್ಕದ ಮನೆಯ ಡಿಶ್ ನೋಡಿ ಅದರಂತೆ ಇಡುವವರು ತುಂಬಾ ಜನ. ಅದೂ ಫ್ರೀ ಡಿಶ್ ಆದರೆ ಸರಿ. ಏರ್‌ಟೆಲ್ ಆದರೆ ಅದು 108.2 ಡಿಗ್ರಿಯ ಉಪಗ್ರಹ, ಇನ್ನೂ ಪೂರ್ವಕ್ಕೆ ನೋಡುತ್ತದೆ. ಟಾಟಾ ಪ್ಲೇ ಆದರೆ 83 ಡಿಗ್ರಿ, ದಕ್ಷಿಣದ ಕಡೆಗೆ. ನಮ್ಮದು ಎರಡರ ನಡುವೆ.

ಬಾಕ್ಸ್ ಆಫ್ ಮಾಡಿ ಕೇಬಲ್ ಜೋಡಿಸಿ, ಆಮೇಲೆ ಆನ್ ಮಾಡಿ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿಗೆ ಕರೆಂಟು ಹೋಗುವುದು ಅದೇ ಕೇಬಲ್‌ನಲ್ಲಿ. ಮೆನುವಿನಲ್ಲಿ ಡಿಡಿ ಅಥವಾ ಜಿಸ್ಯಾಟ್-15 ಎಂದು ಆರಿಸಿದರೆ ಎರಡು ಪಟ್ಟಿ ಕಾಣುತ್ತವೆ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಹೊಸಬರು ಎಡವುವುದು ಇಲ್ಲೇ. ಎಲ್‌ಎನ್‌ಬಿಗೆ ಕರೆಂಟು ಹೋದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಸ್ಟ್ರೆಂತ್ ತೋರಿಸುತ್ತದೆ. ನಮಗೆ ಬೇಕಾದದ್ದು ಕ್ವಾಲಿಟಿ.

ಒಬ್ಬರು ಡಿಶ್ ಹತ್ತಿರ, ಒಬ್ಬರು ಟಿವಿ ಮುಂದೆ ಫೋನ್ ಹಿಡಿದು ನಿಲ್ಲಿ. ಎತ್ತರ ಇಟ್ಟು, ಬೋಲ್ಟನ್ನು ಕೈಯಲ್ಲಿ ತಿರುಗುವಷ್ಟು ಮಾತ್ರ ಬಿಗಿ ಮಾಡಿ, ಪೂರ್ವದಿಂದ ದಕ್ಷಿಣಕ್ಕೆ ಮೆಲ್ಲ ತಿರುಗಿಸಿ. 60 ಸೆಂಟಿಮೀಟರ್ ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ ಆಯಿತು. ಹಾಗಾಗಿ ಇಷ್ಟಿಷ್ಟೇ ಸರಿಸಿ, ಪ್ರತಿ ಸಲ ಮೂರು ನಾಲ್ಕು ಸೆಕೆಂಡ್ ಕೈ ಬಿಟ್ಟು ನಿಲ್ಲಿ. ಬಾಕ್ಸಿಗೆ ತಿಳಿಯಲು ಅಷ್ಟು ಸಮಯ ಬೇಕು. ಸರ್ರನೆ ತಿರುಗಿಸುವವರಿಗೆ ಇಡೀ ದಿನ ಸಿಗುವುದಿಲ್ಲ. ಒಂದು ಸುತ್ತಿನಲ್ಲಿ ಸಿಗದಿದ್ದರೆ ಎತ್ತರ ಎರಡು ಡಿಗ್ರಿ ಏರಿಸಿ, ಮತ್ತೆ ಇಳಿಸಿ, ಪುನಃ ಹುಡುಕಿ. ಕ್ವಾಲಿಟಿ ಬಂದ ಮೇಲೆ ಅಕ್ಕಪಕ್ಕ, ಮೇಲೆ-ಕೆಳಗೆ ಸ್ವಲ್ಪ ಆಡಿಸಿ, ಅತಿ ಹೆಚ್ಚು ಬರುವಲ್ಲಿ ನಿಲ್ಲಿಸಿ. ಆಮೇಲೆ ಎಲ್‌ಎನ್‌ಬಿಯನ್ನೂ ಅದರ ಹಿಡಿಯಲ್ಲೇ ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿ, ಕ್ವಾಲಿಟಿ ಇನ್ನೂ ಏರಬಹುದು. ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಎಳೆದುಕೊಳ್ಳುತ್ತದೆ.

ಎಲ್ಲಾ ಮುಗಿದ ಮೇಲೆ ಕ್ಲಾಂಪ್ ಮತ್ತು ಕಂಬ ಎರಡಕ್ಕೂ ಸೇರಿದಂತೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಗಾಳಿಗೆ ತಿರುಗಿದರೆ ಗೆರೆಗೆ ಗೆರೆ ಕೂಡಿಸಿದರೆ ಸಾಕು, ಯಾರನ್ನೂ ಕರೆಯಬೇಕಾಗಿಲ್ಲ. ಕೇಬಲ್ ಒಳಗೆ ಬರುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ.

ದಪ್ಪ ಮೋಡ ಕವಿದು ಮಳೆ ಸುರಿಯುವಾಗ ಚಿತ್ರ ಹೋದರೆ ಡಿಶ್ ಮುಟ್ಟಬೇಡಿ. ಮಳೆಯ ನೀರೇ ಸಿಗ್ನಲ್ ತಡೆಯುತ್ತದೆ, ಮೋಡ ಸರಿದರೆ ತಾನಾಗಿ ಬರುತ್ತದೆ. ಆಗ ಹೋಗಿ ತಿರುಗಿಸಿದರೆ ಸರಿಯಿದ್ದದ್ದೂ ಕೆಡುತ್ತದೆ. ಸಿಡಿಲಿನ ಸೂಚನೆ ಕಂಡ ಕೂಡಲೇ ಟಿವಿ, ಬಾಕ್ಸ್ ಎರಡರ ಪ್ಲಗ್ಗನ್ನೂ ಬಾಕ್ಸಿನ ಹಿಂದಿನ ಡಿಶ್ ಕೇಬಲನ್ನೂ ತೆಗೆದಿಡಿ. ಗುಡುಗು ಶುರುವಾದ ಮೇಲೆ ಕೇಬಲ್‌ಗೆ ಕೈ ಹಾಕಬೇಡಿ.