ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ

ಬೆಂಗಳೂರಿನ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಅತ್ತರಿನ ಅಂಗಡಿಗಳಿಗೆ ಬರವಿಲ್ಲ. ರಂಜಾನ್ ತಿಂಗಳಲ್ಲಂತೂ ತಳ್ಳುಗಾಡಿಗಳ ಮೇಲೂ ಸೀಸೆಗಳು ಸಾಲುಗಟ್ಟುತ್ತವೆ. ನಾನು ಹುಡುಕಿಕೊಂಡು ಹೋದದ್ದು ಮಾತ್ರ, ಬೆಲೆ ಕೇಳಿದರೆ ಉತ್ತರ ಕೊಡದ ಒಬ್ಬ ವ್ಯಾಪಾರಿಯನ್ನು. ಗಿರಾಕಿಗಳಿಗೆಲ್ಲ ಅವರು ಚಾಚಾ. ಮೂವರು ನಿಂತರೆ ನಾಲ್ಕನೆಯವರು ರಸ್ತೆಯಲ್ಲಿ ನಿಲ್ಲಬೇಕಾದ ಅಂಗಡಿ ಅದು. ಗೋಡೆಯ ತುಂಬ ಗಾಜಿನ ಬಿರಡೆಯ ದಪ್ಪ ಸೀಸೆಗಳು. ಕೆಲವಕ್ಕೆ ಉರ್ದು ಚೀಟಿ, ಕೆಲವಕ್ಕೆ ಚೀಟಿಯೇ ಇಲ್ಲ.

“ಇದು ಎಷ್ಟು?” ಎಂದು ಯಾರಾದರೂ ಕೇಳಿದರೆ ಚಾಚಾ, “ಮೊದಲು ಕೈ ಕೊಡಿ ಸಾರ್” ಅನ್ನುತ್ತಾರೆ. ಬಿರಡೆಯನ್ನು ತಿರುಗಿಸಿ ತೆಗೆದು, ಅದರ ತುದಿಯನ್ನು ಮುಂಗೈ ಹಿಂಭಾಗಕ್ಕೆ ಮುಟ್ಟಿಸಿ ಒಂದೇ ಒಂದು ಗೆರೆ ಎಳೆಯುತ್ತಾರೆ. ನಾವು ಅಭ್ಯಾಸಬಲದಿಂದ ಎರಡೂ ಕೈ ಉಜ್ಜಲು ಹೋದರೆ ಮೊಣಕೈ ಹಿಡಿದು ತಡೆಯುತ್ತಾರೆ. ಆಮೇಲೆ ಅವರ ಮಾಮೂಲಿ ಅಪ್ಪಣೆ: “ಹೋಗಿ ಚಾ ಕುಡಿದು ಬನ್ನಿ. ಈಗ ಮೂಸಿದ್ದು ಸೀಸೆಯ ವಾಸನೆ. ಬಂದಮೇಲೆ ಮೂಸೋದು ನಿಮ್ಮದು.” ಚಾ ಕುಡಿಯಲು ಹೋದವರಲ್ಲಿ ಕೆಲವರು ವಾಪಸು ಬರುವುದಿಲ್ಲ. ಚಾಚಾಗೆ ಅದರ ಬೇಸರವೂ ಇಲ್ಲ.

ಮೂರಕ್ಕಿಂತ ಹೆಚ್ಚು ಅತ್ತರನ್ನು ಅವರು ಒಂದು ಸಲಕ್ಕೆ ಮೂಸಲು ಬಿಡುವುದಿಲ್ಲ, ಮೂಗು ಸೋತುಹೋಗುತ್ತದಂತೆ. ನಡುವೆ ನಮ್ಮದೇ ಅಂಗಿಯ ತೋಳನ್ನು ಮೂಸಬೇಕು. ಸೆಕೆಗಾಲಕ್ಕೆ ಖಸ್, ಗುಲಾಬ್, ಕೇವಡಾ, ಮೊಗ್ರಾ. ಚಳಿಗೆ ಹಿನಾ, ಶಮಾಮಾ, ಊದ್. ಏಪ್ರಿಲ್‌ನಲ್ಲಿ ಬಂದು ಶಮಾಮಾ ಕೇಳಿದ ಹುಡುಗನಿಗೆ, ದೀಪಾವಳಿ ಕಳೀಲಿ ಬಾ ಮಗನೇ ಎಂದು ಖಸ್ ಕೊಟ್ಟು ಕಳುಹಿಸಿದ್ದನ್ನು ನಾನೇ ಕಂಡೆ. ವ್ಯಾಪಾರ ಮುಗಿದ ಮೇಲೆ ಒಂದು ಕೊಸರು ಇದ್ದೇ ಇರುತ್ತದೆ. ಚಿಟಿಕೆ ಹತ್ತಿಯನ್ನು ಬೆರಳಲ್ಲಿ ಹೊಸೆದು, ಅತ್ತರಿನಲ್ಲಿ ಅದ್ದಿ, ಗಿರಾಕಿಯ ಕಿವಿಯ ಮೇಲ್ಮಡಿಕೆಯೊಳಗೆ ಸಿಕ್ಕಿಸುತ್ತಾರೆ. ಇದಕ್ಕೆ ಫಾಯಾ ಎನ್ನುತ್ತಾರೆ. ಸಂಜೆಯವರೆಗೆ ತಲೆ ತಿರುಗಿಸಿದಾಗೆಲ್ಲ ಹಿತವಾಗಿ ಸುಳಿಯುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ, ಎದುರುಮನೆಯವರಿಗೆ ಗೊತ್ತಾಗುವುದಿಲ್ಲ. ಲಿಫ್ಟಿನೊಳಗೆ ಎಲ್ಲರ ಉಸಿರು ಕಟ್ಟಿಸುವ ಸ್ಪ್ರೇಗಳ ಕಾಲದಲ್ಲಿ ಈ ಮರ್ಯಾದೆಯೇ ನನಗೆ ಅತ್ತರಿನ ದೊಡ್ಡ ಗುಣವಾಗಿ ಕಾಣುತ್ತದೆ.

ಚಾಚಾರ ಅಂಗಡಿಗೆ ನನ್ನನ್ನು ಎಳೆದದ್ದು ಮಣ್ಣಿನ ಅತ್ತರು. ‘ಮಿಟ್ಟಿ’ ಎಂದೇ ಅದರ ಹೆಸರು. ಬೇಸಗೆಯಲ್ಲಿ ಕಾದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಘಮವನ್ನು ಎಣ್ಣೆಯಲ್ಲಿ ಹಿಡಿದಿಟ್ಟದ್ದು. ಇದು ಬರುವುದು ಉತ್ತರ ಪ್ರದೇಶದ ಕನೌಜಿನಿಂದ. ಗಂಗೆಯ ಬಯಲಿನ ಈ ಊರು ಏಳನೆಯ ಶತಮಾನದಲ್ಲಿ ಹರ್ಷವರ್ಧನನ ರಾಜಧಾನಿಯಾಗಿತ್ತು. ಈಗ ಅದರ ಹೆಸರು ಉಳಿದಿರುವುದು ಅತ್ತರಿನಿಂದ.

ಅಲ್ಲಿನ ಬಟ್ಟಿಮನೆಗಳ ಸಲಕರಣೆ ಎರಡೇ: ಒಲೆಯ ಮೇಲೆ ಕೂರುವ ತಾಮ್ರದ ಹಂಡೆ ‘ದೇಗ್’, ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿರುವ ತಾಮ್ರದ ಕೊಡ ‘ಭಪ್ಕಾ’. ಎರಡನ್ನೂ ಕೂಡಿಸುವುದು ಒಂದು ಬಿದಿರಿನ ಕೊಳವೆ. ಗುಲಾಬಿ ಅತ್ತರಾದರೆ ದೇಗ್‌ಗೆ ನಸುಕಿನಲ್ಲಿ ಕೊಯ್ದ ಹೂವು ಮತ್ತು ನೀರು. ಮಣ್ಣಿನ ಅತ್ತರಾದರೆ ಹೂವಿನ ಜಾಗದಲ್ಲಿ ಆವಿಗೆಯಲ್ಲಿ ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳು. ಮುಚ್ಚಳದ ಸಂದಿಗೆ ಹತ್ತಿ ಬೆರೆಸಿ ಕಲಸಿದ ಜೇಡಿ ಮೆತ್ತಿ, ಸೌದೆ, ಬೆರಣಿಯ ಬೆಂಕಿ ಹಾಕುತ್ತಾರೆ. ಹಬೆ ಕೊಳವೆಯಲ್ಲಿ ಹಾದು ಭಪ್ಕಾದ ತಳದಲ್ಲಿ ಕಾದಿರುವ ಗಂಧದೆಣ್ಣೆಯೊಳಕ್ಕೆ ಇಳಿಯುತ್ತದೆ. ಅಲ್ಲಿ ತಣಿದು, ನೀರು ಬೇರೆಯಾಗಿ ಘಮ ಎಣ್ಣೆಯಲ್ಲಿ ನಿಲ್ಲುತ್ತದೆ. ಶಾಖಮಾಪಕ ಇಲ್ಲ. ಕೆಲಸಗಾರ ತೊಟ್ಟಿಗೆ ಕೈಹಾಕಿ ಭಪ್ಕಾದ ಮೈ ಮುಟ್ಟಿ ನೋಡುತ್ತಾನೆ. ಬಿಸಿ ಹೆಚ್ಚಿತು ಅನ್ನಿಸಿದರೆ ದೇಗ್‌ನ ಮೇಲೆ ಒದ್ದೆ ಬಟ್ಟೆ ಎಳೆದು ಹಬೆ ನಿಲ್ಲಿಸಿ, ಭಪ್ಕಾ ಬದಲಾಯಿಸುತ್ತಾನೆ. ಹೀಗೆ ಅದೇ ಎಣ್ಣೆಯ ಮೇಲೆ ದಿನದಿನವೂ ಹೊಸ ಹೂವು, ಹೊಸ ಮಣ್ಣು. ಕೊನೆಗೆ ಉಳಿದ ನೀರಿನಂಶ ಆರಲೆಂದು ತೊಗಲಿನ ಕುಪ್ಪಿಗೆ ತುಂಬಿಡುತ್ತಾರೆ.

1964ರಲ್ಲಿ ಆಸ್ಟ್ರೇಲಿಯದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಮಳೆಮಣ್ಣಿನ ವಾಸನೆಯ ಬಗ್ಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಒಣಗಿದ ಕಲ್ಲು, ಮಣ್ಣು ಹೀರಿಟ್ಟುಕೊಂಡ ಎಣ್ಣೆಯಂಥ ಅಂಶವೇ ಈ ವಾಸನೆಯ ಮೂಲ ಎಂದರು. ಉತ್ತರ ಪ್ರದೇಶದ ಅತ್ತರಿನವರು ಇದನ್ನು ಮೊದಲೇ ಗಂಧದೆಣ್ಣೆಗೆ ಇಳಿಸಿ ಮಾರುತ್ತಿದ್ದ ಸಂಗತಿಯೂ ಆ ಲೇಖನದಲ್ಲಿದೆ.

ಗಂಧದೆಣ್ಣೆ ಎಂದಾಗ ಮಾತು ನಮ್ಮೂರಿಗೆ ಬಂತು. ತನ್ನ ಘಮವನ್ನು ಮುಂದೆ ಮಾಡದೆ ಇನ್ನೊಂದರ ಘಮವನ್ನು ಗಂಟೆಗಟ್ಟಲೆ ಹಿಡಿದಿಡುವ ಎಣ್ಣೆ ಅದರಂತೆ ಇನ್ನೊಂದಿಲ್ಲ ಎನ್ನುತ್ತಾರೆ ಚಾಚಾ. ಮೈಸೂರು ಸಂಸ್ಥಾನದ ಶ್ರೀಗಂಧದ ತುಂಡುಗಳು ಮೊದಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೊ ಮತ್ತು ವಾಟ್ಸನ್ ಅವರ ಪ್ರಯೋಗದ ನೆರವಿನಿಂದ 1916ರಲ್ಲಿ ಇಲ್ಲೇ ಎಣ್ಣೆ ತೆಗೆಯುವ ಕೆಲಸ ಆರಂಭವಾಯಿತು. ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ನಮಗೆಲ್ಲ ಸೋಪಿನ ಕಥೆ ಗೊತ್ತು. ಕನೌಜಿನ ಭಪ್ಕಾಗಳಲ್ಲೂ ನಮ್ಮ ನೆಲದ ಗಂಧವಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಸುಗಂಧದ ಶೋಕಿ ಈ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮೈಗೆ ಪೂಸುವ ಗಂಧಲೇಪನಗಳನ್ನೂ ಧೂಪವನ್ನೂ ಅರಸನ ಉಪಭೋಗಗಳ ಸಾಲಿಗೆ ಸೇರಿಸಿ ವಿವರಿಸಿದ್ದಾನೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಸುಗಂಧದ ಪುಸ್ತಕವೇ ಪಾರಸಿಯಲ್ಲಿ ಹುಟ್ಟಿತು. ಚಾಚಾಗೆ ಇವೆರಡರ ಗೊಡವೆಯಿಲ್ಲ. ಅವರು ಹೇಳುವುದು ನೂರ್‌ಜಹಾನಳ ತಾಯಿಯ ಕಥೆ: ಬಿಸಿ ಪನ್ನೀರಿನ ಮೇಲೆ ತೇಲಿದ ಜಿಡ್ಡನ್ನು ಆಕೆ ಸೋಸಿ ತೆಗೆದಳು, ಅದೇ ಗುಲಾಬಿ ಅತ್ತರಾಯಿತು. ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಆದ್ದರಿಂದ ಚಾಚಾರ ಮಾತನ್ನು ಬರೀ ಅಂಗಡಿಮಾತು ಎಂದು ತಳ್ಳಿಹಾಕುವಂತಿಲ್ಲ.

ಈಗ ಕನೌಜಿನ ಎಷ್ಟೋ ಬಟ್ಟಿಗಳಲ್ಲಿ ಗಂಧದೆಣ್ಣೆ ಇಲ್ಲ. ಕಿಲೋ ಬೆಲೆ ಲಕ್ಷಗಳಲ್ಲಿ ಇರುವಾಗ ಯಾರು ತಾನೇ ಸುರಿದಾರು? ಕಳ್ಳರು ಕಡಿದದ್ದೂ ಸರ್ಕಾರದ ಕಟ್ಟುನಿಟ್ಟೂ ಸೇರಿ ಮರವೇ ವಿರಳವಾಯಿತು. ತನ್ನ ಜಮೀನಿನ ಗಂಧದ ಮರಕ್ಕೆ ಒಡೆಯನಾಗುವ ಹಕ್ಕು ಕರ್ನಾಟಕದ ರೈತನಿಗೆ ಸಿಕ್ಕಿದ್ದು 2001ರ ಕಾನೂನು ತಿದ್ದುಪಡಿಯಲ್ಲಿ. ಅಷ್ಟು ಹೊತ್ತಿಗೆ ಲಿಕ್ವಿಡ್ ಪ್ಯಾರಾಫಿನ್ ಮುಂತಾದವು ಭಪ್ಕಾದೊಳಗೆ ಕೂತಾಗಿತ್ತು. ಅತ್ತರನ್ನು ಸಗಟಾಗಿ ಕೊಳ್ಳುತ್ತಿದ್ದವರು ಮೈಗೆ ಹಚ್ಚುವವರಲ್ಲ, ಜರ್ದಾ-ಗುಟ್ಕಾದವರು. ಗುಟ್ಕಾ ನಿಷೇಧವಾದಾಗ ಆ ಪೆಟ್ಟೂ ಬಟ್ಟಿಮನೆಗೇ ಬಿತ್ತು. ನಿಷೇಧ ಸರಿಯೇ. ಆದರೂ ಹೂವಿನ ರೈತ, ಒಲೆ ಕಾಯುವವ ಮಾಡಿದ ತಪ್ಪೇನು ಎಂದು ಕೇಳುವವರಿಲ್ಲ. ಕನೌಜಿನ ಅತ್ತರಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ, ಸೀಸೆಯೊಳಗೆ ಏನಿದೆ ಎಂದು ಗಿರಾಕಿಯೇ ವಿಚಾರಿಸಬೇಕು.

ವಿಚಾರಿಸುವುದು ಕಷ್ಟವಲ್ಲ. ಅತ್ತರಿನ ಅಂಗಡಿಗೆ ಹೋದಾಗ “ಇದು ಗಂಧದೆಣ್ಣೆ ಮೇಲೆ ಇಳಿಸಿದ್ದಾ, ಬೇರೆಯದರ ಮೇಲಾ?” ಎಂದು ಕೇಳಿ. ಬೇರೆಯದು ಎಂದು ನೇರವಾಗಿ ಒಪ್ಪುವ ಅಂಗಡಿಯವರನ್ನು ಬಿಡಬೇಡಿ. ಅವರ ಹತ್ತಿರವೇ ಒಳಗಿನ ಕಪಾಟಿನಲ್ಲಿ ನಿಜವಾದದ್ದು ಇರುವ ಸಂಭವ ಹೆಚ್ಚು. ತೊಲಗಟ್ಟಲೆ ಕೊಳ್ಳಬೇಕಿಲ್ಲ, ಮೂರು ಮಿಲಿಯ ಪುಟ್ಟ ಸೀಸೆ ತಿಂಗಳುಗಟ್ಟಲೆ ಬರುತ್ತದೆ. ಮಣಿಕಟ್ಟಿಗೆ, ಕಿವಿಯ ಹಿಂದಕ್ಕೆ ಒಂದೊಂದು ಗೆರೆ ಸಾಕು. ಬಿಳಿ ಅಂಗಿಗೆ, ರೇಷ್ಮೆ ಸೀರೆಗೆ ಮಾತ್ರ ತಾಗಿಸಬೇಡಿ. ಎಣ್ಣೆಯ ಕಲೆ, ಒಗೆದರೂ ಹೋಗುವುದಿಲ್ಲ.