ಖಾಲಿ ಸಿಡಿ, ಡಿವಿಡಿ ರೈಟ್ ಆಗ್ತಿಲ್ವಾ? ರಿಪೇರಿಗೆ ಕೊಡುವ ಮೊದಲು ಇಷ್ಟು ನೋಡಿ

ಹುಲಿಕಲ್: ಮದುವೆ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್, ಅಂಗಡಿಯ ಸಿಸಿಟಿವಿ ದೃಶ್ಯ. ಪೆನ್‌ಡ್ರೈವ್ ಬಂದು ಎಷ್ಟೋ ವರ್ಷವಾದರೂ ಇವನ್ನು ಡಿಸ್ಕ್‌ನಲ್ಲೇ ಕೇಳುವವರು ಇನ್ನೂ ಇದ್ದಾರೆ. ಆದರೆ ಖಾಲಿ ಡಿಸ್ಕ್ ಹಾಕಿದರೂ ಕಂಪ್ಯೂಟರ್ ‘ಡಿಸ್ಕ್ ಹಾಕಿ’ ಅಂತಲೇ ಹೇಳುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಹಾಗಂತ ಕಂಪ್ಯೂಟರೇ ಕೆಟ್ಟಿದೆ ಅಂತಲ್ಲ. ಖರ್ಚಿಲ್ಲದ್ದನ್ನು ಮೊದಲು ನೋಡಿ.

ಡ್ರೈವ್ ಯಾವುದು?
ಟ್ರೇ ಮುಂದಿನ ಅಕ್ಷರ ಓದಿ. ಬರೀ ‘ಡಿವಿಡಿ ರಾಮ್’ ಅಂತಿದ್ದರೆ ಅದು ಓದುತ್ತದೆ, ಬರೆಯುವುದಿಲ್ಲ. ಹಳೇ ‘ಕಾಂಬೊ’ ಡ್ರೈವ್ ಸಿಡಿ ಬರೆಯುತ್ತದೆ, ಡಿವಿಡಿಯನ್ನು ಓದುತ್ತದೆ ಅಷ್ಟೆ. ಎರಡನ್ನೂ ಬರೆಯಲು ಡಿವಿಡಿ ರೈಟರ್ರೇ ಬೇಕು.

ಡಿಸ್ಕ್ ನಿಜಕ್ಕೂ ಖಾಲಿಯಾ?
‘ಆರ್’ ಡಿಸ್ಕ್‌ಗೆ ಒಮ್ಮೆ ಬರೆದದ್ದನ್ನು ಅಳಿಸಲು ಆಗುವುದಿಲ್ಲ, ‘ಆರ್‌ಡಬ್ಲ್ಯೂ’ ಆದರೆ ಅಳಿಸಿ ಮತ್ತೆ ಬರೆಯಬಹುದು. ಬೆಳಕಿಗೆ ಹಿಡಿದು ನೋಡಿ, ಒಳಗಡೆಯಿಂದ ಬೇರೆ ಬಣ್ಣದ ಉಂಗುರ ಕಂಡರೆ ಅದು ಆಗಲೇ ಬರೆದ ಡಿಸ್ಕ್. ಸಿಡಿಗೆ 700 ಎಂಬಿ ಮಾತ್ರ ಹಿಡಿಯುತ್ತದೆ. 4.7 ಜಿಬಿ ಅಂತ ಬರೆದ ಡಿವಿಡಿಯನ್ನು ವಿಂಡೋಸ್ ಸುಮಾರು 4.37 ಜಿಬಿ ಅಂತ ತೋರಿಸುತ್ತದೆ. ಅದು ಮೋಸವಲ್ಲ, ಲೆಕ್ಕ ಹಾಕುವ ರೀತಿ ಬೇರೆ.

ಬೇರೆ ಕಂಪನಿಯ ಒಂದು ಡಿಸ್ಕ್ ಹಾಕಿಯೂ ನೋಡಿ. ಎಲ್ಲರಿಗೂ ಪರಿಚಯವಿದ್ದ ಮೋಸರ್ ಬೇರ್ ಕಂಪನಿಯನ್ನು ಮುಚ್ಚಲು 2018ರಲ್ಲೇ ಆದೇಶವಾಗಿದೆ. ಹಾಗಾಗಿ ಅಂಗಡಿಯಲ್ಲಿ ಎಷ್ಟು ವರ್ಷದ ಸರಕು ಅಂತ ಕೇಳಿಯೇ ತಗೊಳ್ಳಿ.

ನಮ್ಮ ಕಡೆ ತಂಡಿಯದ್ದೇ ಕಾಟ
ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಒಂದು. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಡ್ರೈವ್‌ನ ಸಣ್ಣ ಲೆನ್ಸ್ ಬಿಡುತ್ತದಾ? ತೇವ, ಧೂಳು ಕೂತರೆ ಲೇಸರ್ ಬೆಳಕು ಡಿಸ್ಕ್‌ಗೆ ಸರಿಯಾಗಿ ತಾಗುವುದಿಲ್ಲ. ಕಂಪ್ಯೂಟರ್ ಹಾಕಿ ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು ಆಮೇಲೆ ರೈಟ್ ಮಾಡಿ. ಡಿಸ್ಕನ್ನು ಮೆತ್ತನೆಯ ಒಣ ಬಟ್ಟೆಯಲ್ಲಿ ಮಧ್ಯದಿಂದ ಅಂಚಿಗೆ ಒರೆಸಿ, ಸುತ್ತ ಸುತ್ತ ಉಜ್ಜಬೇಡಿ. ಖಾಲಿ ಡಿಸ್ಕ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿಡಿ.

ವೇಗ, ಕರೆಂಟು
ರೈಟಿಂಗ್ ಸ್ಪೀಡ್ ಇಳಿಸಿ, ಡಿವಿಡಿಗೆ 4 ಎಕ್ಸ್ ಅಥವಾ 8 ಎಕ್ಸ್ ಸಾಕು. ಮಧ್ಯದಲ್ಲಿ ಕರೆಂಟು ಹೋದರೆ ‘ಆರ್’ ಡಿಸ್ಕ್ ದಂಡ, ಹಾಗಾಗಿ ಯುಪಿಎಸ್ ಇಲ್ಲದೆ ಕೂರಬೇಡಿ. ಯುಎಸ್‌ಬಿ ಡ್ರೈವ್ ಆದರೆ ಹಬ್‌ಗೆ ಬೇಡ, ಸಿಪಿಯು ಹಿಂದಿನ ಪೋರ್ಟ್‌ಗೇ ನೇರ ಚುಚ್ಚಿ.

ವಿಂಡೋಸ್‌ನಲ್ಲಿ
ಡ್ರೈವ್ ಕಾಣಿಸದಿದ್ದರೆ ‘ಡಿವೈಸ್ ಮ್ಯಾನೇಜರ್’ನಲ್ಲಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ಆಫ್ ಮಾಡಿ ಹಾಕಿ. ವಿಂಡೋಸ್ ತಾನೇ ಅದನ್ನು ಮತ್ತೆ ಗುರುತಿಸುತ್ತದೆ. ಡಿಸ್ಕ್ ಹಾಕಿದಾಗ ಎರಡು ಆಯ್ಕೆ ಕೇಳುತ್ತದೆ. ಬೇರೆಯವರ ಪ್ಲೇಯರ್‌ನಲ್ಲಿ ಓಡಬೇಕಾದರೆ ‘ಯುಎಸ್‌ಬಿ ಫ್ಲ್ಯಾಶ್ ಡ್ರೈವ್‌ನಂತೆ’ ಅನ್ನುವುದು ಬೇಡ, ‘ಸಿಡಿ/ಡಿವಿಡಿ ಪ್ಲೇಯರ್’ ಅನ್ನುವುದನ್ನೇ ಒತ್ತಿ.

ಓದುತ್ತೆ, ಬರೆಯಲ್ಲ ಅಂದರೆ?
ಓದುವುದಕ್ಕಿಂತ ಬರೆಯಲು ಲೇಸರ್‌ಗೆ ಹೆಚ್ಚು ಶಕ್ತಿ ಬೇಕು. ಸಿಡಿಗೂ ಡಿವಿಡಿಗೂ ಲೇಸರ್ ಬೇರೆ ಬೇರೆ, ಒಂದು ಹೋದರೂ ಇನ್ನೊಂದು ನಡೆಯಬಹುದು. ಮೇಲಿನದ್ದೆಲ್ಲಾ ಮಾಡಿಯೂ ಬರೆಯದಿದ್ದರೆ ಲೇಸರ್ ಸುಸ್ತಾಗಿದೆ ಅಂತ ತಿಳಿಯಿರಿ. ಆಗ ಡ್ರೈವ್ ಬದಲಿಸಬೇಕು, ಇಡೀ ಕಂಪ್ಯೂಟರ್ ಅಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಬರೆಯುವ ಶಕ್ತಿ ಹೋದ ಡ್ರೈವ್ ನಾಳೆ ಓದುವುದನ್ನೂ ನಿಲ್ಲಿಸಬಹುದು. ಕಪಾಟಿನಲ್ಲಿರುವ ಮದುವೆ ಡಿಸ್ಕ್, ತೀರಿಹೋದ ಹಿರಿಯರ ದನಿ ಇರುವ ಸಿಡಿ ಇವನ್ನೆಲ್ಲ ಈಗಲೇ ಹಾರ್ಡ್ ಡಿಸ್ಕ್‌ಗೂ ಪೆನ್‌ಡ್ರೈವ್‌ಗೂ ಎರಡು ಕಡೆ ಕಾಪಿ ಮಾಡಿಡಿ. ಖಾಲಿ ಡಿಸ್ಕ್ ಇನ್ನೊಂದು ಕೊಳ್ಳಬಹುದು, ಆ ದನಿ ಅಂಗಡಿಯಲ್ಲಿ ಸಿಗುವುದಿಲ್ಲ.